ಸುರಂಗದ ಬಿಳಿ ಮಣ್ಣು, ಗದ್ದೆಯ ಕಪ್ಪು ಮಣ್ಣು: ಯಾವ ಮಣ್ಣಿನಿಂದ ಯಾವ ಪಾತ್ರೆ?

ಕಳೆದ ಬೇಸಿಗೆಯಲ್ಲಿ ನಮ್ಮ ನೆರೆಮನೆಯವರು ನೀರಿಗಾಗಿ ತೋಟದ ಹಿಂದಿನ ಗುಡ್ಡೆಗೆ ಅಡ್ಡಲಾಗಿ ಸುರಂಗ ತೋಡಿಸಿದರು. ಮುರಕಲ್ಲು ಕಡಿಯುತ್ತ ಹೋದ ಕೆಲಸದವರಿಗೆ ಹದಿನೈದು ಕೋಲು ದಾಟಿದ ಮೇಲೆ ಕಲ್ಲು ಮುಗಿದು ಬೆಣ್ಣೆಯಂಥ ಬಿಳಿ ಮಣ್ಣು ಸಿಕ್ಕಿತು. ಅಲ್ಲಿಗೆ ಕೆಲಸ ನಿಲ್ಲಿಸಬೇಕಾಯಿತು. ಆ ಮಣ್ಣು ತನ್ನ ಭಾರವನ್ನು ತಾನೇ ಹೊರುವುದಿಲ್ಲ, ಮೇಲಿನಿಂದ ಕುಸಿಯುತ್ತದೆ. ಮನೆಯ ಅಕ್ಕ ಒಂದು ಬುಟ್ಟಿ ಮಣ್ಣು ಹೊತ್ತು ನನ್ನ ಜಗಲಿಗೆ ತಂದರು. "ಮಾಸ್ಟ್ರೇ, ಎಷ್ಟು ಬೆಳ್ಳಗಿದೆ ನೋಡಿ. ಇದರಲ್ಲಿ ಮಾವಿನಮಿಡಿ ಹಾಕುವುದಕ್ಕೆ ಒಂದು ಭರಣಿ ಮಾಡಬಹುದೇ?"

ಮಾಡಲಾಗದು ಎಂದು ನನಗೆ ಗೊತ್ತಿತ್ತು. ಆದರೆ ಏಕೆ ಆಗದು ಎಂಬುದನ್ನು ಬಾಯಿಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ಹಿಡಿದು ನೋಡಬೇಕು. ನಾವಿಬ್ಬರೂ ಕುಳಿತು ಆ ಮಣ್ಣನ್ನೂ ಅವರದೇ ಗದ್ದೆಯ ಕಪ್ಪು ಮಣ್ಣನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನ ಬದಿಯಡ್ಕ, ಎಣ್ಮಕಜೆ, ಪೈವಳಿಕೆಯ ಕಡೆ ಮನೆಯಂಗಳದಲ್ಲೇ ಮಣ್ಣಿನ ಕೆಲಸ ಕಲಿಯಲು ಹೊರಟವರಿಗೆ ಇದು ನೇರವಾಗಿ ಉಪಯೋಗವಾದೀತು.

ಮೊದಲು ಮಣ್ಣಿನ ಹುಟ್ಟೂರು ತಿಳಿಯಿರಿ

ಮಣ್ಣುಗಳಲ್ಲಿ ಎರಡು ಬಗೆ. ಹುಟ್ಟಿದ ಬಂಡೆಯನ್ನು ಬಿಡದೆ ಅಲ್ಲೇ ಕುಳಿತದ್ದು ಒಂದು. ಮಳೆನೀರಿನೊಂದಿಗೆ ಹೊರಟು, ತೋಡು ಹೊಳೆಗಳಲ್ಲಿ ಉರುಳಿ, ತಗ್ಗಿನಲ್ಲಿ ತಂಗಿದ್ದು ಇನ್ನೊಂದು. ಮಣ್ಣಿನ ಗುಣದ ಅರ್ಧಪಾಲು ಈ ಒಂದು ಸಂಗತಿಯಿಂದಲೇ ತೀರ್ಮಾನವಾಗುತ್ತದೆ.

ಸುರಂಗದ ಬಿಳಿ ಮಣ್ಣು ಮನೆಬಿಡದ ಜಾತಿಯದು. ನಮ್ಮ ಗುಡ್ಡೆಗಳ ಮೇಲೆ ಲಕ್ಷಾಂತರ ವರ್ಷ ಸುರಿದ ಮಳೆ ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಖನಿಜವನ್ನು ಕರಗಿಸಿ, ಅದರಲ್ಲಿದ್ದ ಪೊಟ್ಯಾಶ್, ಸೋಡಾ, ಸುಣ್ಣಗಳನ್ನು ತೊಳೆದೊಯ್ಯಿತು. ಕಬ್ಬಿಣ ಮೇಲಿನ ಪದರದಲ್ಲಿ ಗಟ್ಟಿಯಾಗಿ ಮುರಕಲ್ಲಾಯಿತು. ಕೆಳಗೆ ಉಳಿದದ್ದು ಬಿಳಿಯ ಅಥವಾ ನಸುಗೆಂಪಿನ ಮೆದುಮಣ್ಣು. ಕರಾವಳಿಯಲ್ಲಿ ಇದಕ್ಕೆ ಶೇಡಿ ಎನ್ನುತ್ತೇವೆ. ಗೋಡೆಗೆ ಬಳಿದದ್ದೂ ಇದೇ. ಇದರ ಮುಖ್ಯ ಖನಿಜ ಕಯೋಲಿನ್. ಚೀನಾದ ಜಿಂಗ್‌ಡೆಜೆನ್ ಪಟ್ಟಣದ ಹತ್ತಿರದ ಗಾವೊಲಿಂಗ್ ಎಂಬ ಜಾಗದಿಂದ ಈ ಹೆಸರು ಬಂತು. ಚೀನಾ ಮಣ್ಣು ಎಂದು ವ್ಯಾಪಾರದಲ್ಲಿ ಕರೆಯುವುದು ಇದನ್ನೇ. ನಮ್ಮ ದಕ್ಷಿಣಕ್ಕೆ ಕಣ್ಣೂರಿನ ಮಾಡಾಯಿಯಲ್ಲಿ, ಇನ್ನೂ ಕೆಳಗೆ ಕೊಲ್ಲಂನ ಕುಂಡರದಲ್ಲಿ ಇದನ್ನು ಗಣಿಗಾರಿಕೆಯಿಂದಲೇ ತೆಗೆದಿದ್ದಾರೆ. ಅಂದಹಾಗೆ, ಮುರಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನು ಫ್ರಾನ್ಸಿಸ್ ಬುಕನನ್ 1807ರಲ್ಲಿ ಕೊಟ್ಟದ್ದು ಮಲಪ್ಪುರದ ಅಂಗಾಡಿಪುರದಲ್ಲಿ ಕಂಡ ಕಲ್ಲಿಗಾಗಿ. ನಮ್ಮ ಮನೆಗಳ ಗೋಡೆಯ ಕಲ್ಲು ಅದೇ ಕುಟುಂಬದ್ದು.

ಗದ್ದೆಯ ಮಣ್ಣು ಅಲೆದಾಡಿದ ಮಣ್ಣು. ದಾರಿಯುದ್ದಕ್ಕೂ ಅರೆದು ಅರೆದು ಕಣಗಳು ನುಣ್ಣಗಾಗಿವೆ. ಕಣ ಸಣ್ಣದಾದಷ್ಟೂ ಜಿಗುಟು ಹೆಚ್ಚು, ಕೈ ಹೇಳಿದಂತೆ ಕೇಳುವ ಗುಣ ಹೆಚ್ಚು. ಆದರೆ ಬರುವಾಗ ಕಬ್ಬಿಣವನ್ನೂ ಕೊಳೆತ ಎಲೆ ಬೇರುಗಳನ್ನೂ ಕೂಡಿಸಿಕೊಂಡು ಬಂದಿದೆ. ಅದಕ್ಕೇ ಹಸಿಯಾಗಿದ್ದಾಗ ಕಪ್ಪು ಅಥವಾ ಬೂದು, ಸುಟ್ಟಾಗ ಕೆಂಪು. ಕಪ್ಪು ಬಂದದ್ದು ಕೊಳೆತ ಸಸ್ಯದಿಂದ, ಅದು ಉರಿದುಹೋಗುತ್ತದೆ. ಕೆಂಪು ಕಬ್ಬಿಣದ್ದು, ಅದು ಉಳಿಯುತ್ತದೆ. ಹಸಿ ಮಣ್ಣಿನ ಬಣ್ಣ ನೋಡಿ ಸುಟ್ಟ ಪಾತ್ರೆಯ ಬಣ್ಣ ಊಹಿಸಬೇಡಿ.

ಮಣ್ಣು ತರುವುದು

ಸುಗ್ಗಿ ಬೆಳೆ ಕೊಯ್ದ ಮೇಲೆ, ಮುಂಗಾರಿಗೆ ಮೊದಲು ತೆಗೆಯಿರಿ. ಗದ್ದೆಯ ಮೇಲಿನ ಒಂದಡಿ ಬೇರು, ಗೊಬ್ಬರದ ಮಣ್ಣು. ಅದನ್ನು ಬದಿಗಿಟ್ಟು ಕೆಳಗಿನ ಗಟ್ಟಿ ಪದರವನ್ನು ತೆಗೆದು, ಕೊನೆಗೆ ಮೇಲ್ಮಣ್ಣನ್ನು ಹೊಂಡಕ್ಕೇ ಮರಳಿ ತುಂಬಿ. ಪರೀಕ್ಷೆಗೆ ಎರಡು ಬಕೆಟ್ ಸಾಕು. ಅದಕ್ಕಿಂತ ಹೆಚ್ಚು ಬೇಕೆಂದರೆ ಗ್ರಾಮ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿಯ ರಕ್ಷಣೆಗೆ 2008ರ ಕಾಯ್ದೆ ಇದೆ, ಸ್ವಂತ ಗದ್ದೆಯೆಂದು ಮನಬಂದಂತೆ ಅಗೆಯುವ ಹಾಗಿಲ್ಲ. ಇದು ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ. ಉಳಿದಿರುವ ಗದ್ದೆಗಳೇ ಬೆರಳೆಣಿಕೆಯಷ್ಟು.

ಸಾಧ್ಯವಾದರೆ ಅಗೆಯುವ ಮೊದಲು ಕುಂಬಾರರನ್ನು ಕೇಳಿ. ನಮ್ಮ ಕಡೆಯ ಕುಲಾಲ ಮನೆತನಗಳ ಹಿರಿಯರಿಗೆ ಯಾವ ಬೈಲಿನ ಯಾವ ಮೂಲೆಯ ಮಣ್ಣು ಬಿರಿಯುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ಬಾಯಿಪಾಠ. ಮಡಿಕೈಯ ಎರಿಕ್ಕುಳಂ ಕುಂಬಾರರ ಊರೆಂದೇ ಹೆಸರಾದದ್ದು. ಒಮ್ಮೆ ಹೋಗಿ ತಿಗರಿಯ ಮೇಲೆ ಏರುವ ಮಣ್ಣಿನ ಹದವನ್ನು ಕಣ್ಣಾರೆ ನೋಡಿದರೆ ಹತ್ತು ಲೇಖನ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಹೊಳೆಬಾಗಿಲಿನ ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಸಮುದ್ರ ಸೇರುವ ಕಡೆ ಬಹಳ ನುಣುಪಾದ ಮಣ್ಣು ಕಾಣುತ್ತದೆ. ಕಲಿಯುವ ಕಾಲದಲ್ಲಿ ಅಂಥ ಮಣ್ಣಿನಿಂದ ನಾನು ಹನ್ನೆರಡು ಹಣತೆ, ಎರಡು ಕುಡಿಕೆ ಮಾಡಿದ್ದೆ. ಸುಟ್ಟು ತೆಗೆದಾಗ ಒಂದೂ ಒಡೆದಿರಲಿಲ್ಲ. ಕಪಾಟಿನಲ್ಲಿ ಜೋಡಿಸಿಟ್ಟೆ. ಮಳೆ ಹಿಡಿದ ಎರಡನೆಯ ವಾರ ಒಂದು ಕುಡಿಕೆಯ ಹೊಟ್ಟೆಯಿಂದ ನಾಲ್ಕಾಣೆಯಷ್ಟಗಲದ ಚಕ್ಕೆ ಎದ್ದು ಬಿದ್ದಿತ್ತು. ಕುಳಿಯ ನಡುವೆ ಸಾಸಿವೆ ಕಾಳಿನಷ್ಟು ಬಿಳಿಯ ಚುಕ್ಕೆ; ಉಗುರಿಗೆ ಹಿಟ್ಟಾಯಿತು. ಅದು ಮರುವಾಯಿ ಚಿಪ್ಪಿನ ಚೂರು. ಚಿಪ್ಪು ಬೆಂಕಿಯಲ್ಲಿ ಸುಟ್ಟಸುಣ್ಣವಾಗಿ, ಮಳೆಗಾಲದ ಗಾಳಿಯ ತೇವ ಕುಡಿದು ಅರಳಿ, ಸುತ್ತಲಿನ ಗೋಡೆಯನ್ನು ಒಡೆದು ಹೊರಗೆ ತಳ್ಳಿತ್ತು. ತಿಂಗಳು ಮುಗಿಯುವಾಗ ಹಣತೆಗಳಲ್ಲಿ ಐದು ಹಾಗೆಯೇ ಹೋದವು. ಅಂದಿನಿಂದ ಹೊಸ ಮಣ್ಣು ಬಂದರೆ ಮೊದಲು ಒಂದು ಚಮಚ ವಿನಿಗರ್ ಹಾಕಿ ನೋಡುತ್ತೇನೆ. ನೊರೆ ಎದ್ದರೆ ಸುಣ್ಣವಿದೆ ಎಂದರ್ಥ. ನುಣ್ಣನೆಯ ಜರಡಿಯಲ್ಲಿ ಸೋಸಲು ಸಾಧ್ಯವಿಲ್ಲದಿದ್ದರೆ ಆ ಮಣ್ಣನ್ನು ಬಿಟ್ಟುಬಿಡಿ. ಹೊಳೆಬಾಗಿಲಿನ ಮಣ್ಣಿನಲ್ಲಿ ಉಪ್ಪೂ ಇರುತ್ತದೆ, ಸುಟ್ಟ ಮೇಲೆ ಬಿಳಿಯ ಪೊರೆಯಾಗಿ ಮೇಲೇಳುತ್ತದೆ.

ಅಂಗಳದ ಪರೀಕ್ಷೆಗಳು

ಬೇಕಾದದ್ದು ಗಾಜಿನ ಬಾಟಲಿ, ಅಳತೆಪಟ್ಟಿ, ಅಡುಗೆಮನೆಯ ತಕ್ಕಡಿ ಇಷ್ಟೇ.

ಬಾಟಲಿಯ ಮೂರನೇ ಒಂದು ಭಾಗ ಪುಡಿಮಾಡಿದ ಮಣ್ಣು ಹಾಕಿ, ನೀರು ತುಂಬಿ, ಒಂದು ಚಿಟಿಕೆ ವಾಷಿಂಗ್ ಸೋಡಾ ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ಗೋಡುಮಣ್ಣು ಕೂರುತ್ತದೆ. ಜೇಡಿ ಮಾತ್ರ ಮರುದಿನವೂ ನೀರಿನಲ್ಲಿ ತೇಲುತ್ತಿರುತ್ತದೆ. ಮೂರು ಪದರಗಳನ್ನು ಅಳೆದರೆ ಕೈಯಲ್ಲಿರುವ ಮಣ್ಣಿನಲ್ಲಿ ನಿಜವಾದ ಜೇಡಿ ಎಷ್ಟೆಂಬುದು ಕಾಣುತ್ತದೆ.

ಎರಡನೆಯದು ಬತ್ತಿ. ಹದವಾಗಿ ನಾದಿದ ಮಣ್ಣನ್ನು ಪೆನ್ಸಿಲ್ ದಪ್ಪದ ಬತ್ತಿಯಾಗಿ ಹೊಸೆದು ಹೆಬ್ಬೆರಳಿಗೆ ಸುತ್ತಿ. ಅಕ್ಕನ ಗದ್ದೆಮಣ್ಣು ಬೆರಳಿಗೆ ಉಂಗುರದಂತೆ ಕುಳಿತಿತು. ಸುರಂಗದ ಮಣ್ಣಿನ ಬತ್ತಿ ಬಾಗುವಲ್ಲೇ ಅಡ್ಡಡ್ಡ ಸೀಳಿ ಮೂರು ತುಂಡಾಯಿತು. "ಬೆಣ್ಣೆಯ ಹಾಗಿತ್ತಲ್ಲ!" ಎಂದು ಅವರಿಗೆ ಅಚ್ಚರಿ. ನುಣುಪು ಬೇರೆ, ಜಿಗುಟು ಬೇರೆ. ಕಯೋಲಿನ್‌ನ ಕಣಗಳು ಬೇರೆ ಜೇಡಿಗಳಿಗಿಂತ ದೊಡ್ಡವು, ಒಂದನ್ನೊಂದು ಹಿಡಿದುಕೊಳ್ಳುವುದು ಕಡಿಮೆ.

ಮೂರನೆಯದು ಕುಗ್ಗುವಿಕೆ. 14 ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಮಾಡಿ, ಪ್ರತಿಯೊಂದರ ಮೇಲೂ ಸರಿಯಾಗಿ 100 ಮಿಲಿಮೀಟರ್ ಉದ್ದದ ಗೆರೆ ಗೀರಿ. ನೆರಳಿನಲ್ಲಿ ಒಣಗಿಸಿ ಅಳೆಯಿರಿ; 94 ಬಂದರೆ ಆರು ಶೇಕಡ ಕುಗ್ಗಿದೆ. ಸುಟ್ಟ ಮೇಲೆ ಮತ್ತೆ ಅಳೆಯಿರಿ. 92 ಆದರೆ ಒಟ್ಟು ಎಂಟು. ಒಣಗುವಾಗಲೇ ಹತ್ತಕ್ಕಿಂತ ಹೆಚ್ಚು ಕುಗ್ಗಿದರೆ ದೊಡ್ಡ ಪಾತ್ರೆ ಬಿರಿಯುವುದು ಹೆಚ್ಚುಕಡಿಮೆ ಖಚಿತ. ಒಂದೇ ಪಟ್ಟಿಯನ್ನು ನಂಬಬೇಡಿ, ಮೂರರ ಸರಾಸರಿ ತೆಗೆಯಿರಿ.

ಕೊನೆಯದು ನೀರು ಕುಡಿಯುವ ಪರೀಕ್ಷೆ. ಪಾತ್ರೆಯ ಉಪಯೋಗವನ್ನು ನಿರ್ಧರಿಸುವುದು ಇದೇ. ಸುಟ್ಟು ಆರಿದ ತುಂಡನ್ನು ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಮೇಲ್ಮೈ ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದದ್ದು 224 ಆದರೆ 12 ಶೇಕಡ ನೀರು ಕುಡಿದಿದೆ. ಈ ಅಂಕಿಯನ್ನು ಪಟ್ಟಿಯ ಹಿಂಬದಿಗೇ ಬರೆದಿಡಿ.

ಒಂದೊಂದು ಮಣ್ಣಿನ ಸ್ವಭಾವ

ಗದ್ದೆಯ ಮಣ್ಣಿನಂತೆ ಕೆಂಪಾಗಿ ಸುಡುವ ಸಾಮಾನ್ಯ ಆವೆಮಣ್ಣಿನಲ್ಲಿ ಕಬ್ಬಿಣವೇ ಬೆಂಕಿಗೆ ಸಹಾಯಕ. ಅದು ಇತರ ಖನಿಜಗಳನ್ನು ಕಡಿಮೆ ಬಿಸಿಗೇ ಬೆಸೆಯಲು ನೆರವಾಗುವುದರಿಂದ 900ರಿಂದ 1,050 ಡಿಗ್ರಿ ಸೆಲ್ಸಿಯಸ್‌ಗೆ ಪಾತ್ರೆ ಗಟ್ಟಿಯಾಗುತ್ತದೆ. ಅದಕ್ಕಿಂತ ತುಂಬ ಮೇಲೆ ಹೋದರೆ ಉಬ್ಬಿ, ಸೊಟ್ಟಗಾಗಿ, ಕೊನೆಗೆ ಕರಗುತ್ತದೆ. ಸುಟ್ಟ ಮೇಲೂ ಹತ್ತು ಶೇಕಡದ ಆಸುಪಾಸಿನಲ್ಲಿ ನೀರು ಕುಡಿಯುತ್ತದೆ. ಹಂಡೆ, ಮಡಕೆ, ಹಣತೆ, ಇಟ್ಟಿಗೆ, ಹೂಕುಂಡ, ಹೆಂಚು ಎಲ್ಲ ಇದರದ್ದೇ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಇಂಥ ಮಣ್ಣು ಹೇರಳವಾಗಿದ್ದುದರಿಂದ. ನಿಮ್ಮ ಹಿತ್ತಿಲಿನಲ್ಲಿ ಒರಗಿಸಿಟ್ಟ ಹಳೆಯ ಹೆಂಚೊಂದನ್ನು ಎತ್ತಿ ಬೆರಳಗಂಟಿನಿಂದ ತಟ್ಟಿ. ಗಂಟೆಯಂಥ ದನಿ ಬಂದರೆ ಚೆನ್ನಾಗಿ ಬೆಂದಿದೆ, 'ಬೊದ್' ಎಂದರೆ ಒಳಗೆ ಬಿರುಕಿದೆ ಅಥವಾ ಬೆಂದದ್ದು ಸಾಲದು. ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ತಟ್ಟಿ ನೋಡುತ್ತಿದ್ದುದೂ ಇದಕ್ಕೇ.

ಇದೇ ಮಣ್ಣು ಕಪ್ಪು ಮಡಕೆಯೂ ಆಗುತ್ತದೆ. ಕೊನೆಯ ಹಂತದಲ್ಲಿ ಮಡಕೆ ಸುಡುವ ಆವಿಗೆಯ ಗಾಳಿಯನ್ನು ಮುಚ್ಚಿ ಹೊಗೆ ಕಟ್ಟಿಸಿದರೆ ಕೆಂಪು ಕಬ್ಬಿಣ ಆಮ್ಲಜನಕವನ್ನು ಕಳೆದುಕೊಂಡು ಕಪ್ಪಾಗುತ್ತದೆ, ಹೊಗೆಯ ಇಂಗಾಲವೂ ರಂಧ್ರಗಳೊಳಗೆ ಕೂರುತ್ತದೆ.

ಕಯೋಲಿನ್‌ನ ಶುದ್ಧ ರೂಪದಲ್ಲಿ ನೂರಕ್ಕೆ ಸುಮಾರು 46 ಭಾಗ ಸಿಲಿಕಾ, 39 ಭಾಗ ಅಲ್ಯುಮಿನಾ, 14 ಭಾಗ ಖನಿಜದೊಳಗೇ ಸೇರಿಕೊಂಡ ನೀರು ಇರುತ್ತದೆ. ಬೆಸೆಯಲು ಸಹಾಯ ಮಾಡುವ ಕಬ್ಬಿಣ, ಸೋಡಾ, ಪೊಟ್ಯಾಶ್ ಇಲ್ಲ. ಹಾಗಾಗಿ ಅದು ಕರಗಬೇಕಾದರೆ 1,700 ಡಿಗ್ರಿಗೂ ಮೇಲೆ ಹೋಗಬೇಕು. ಅಕ್ಕನ ಸುರಂಗದ ಮಣ್ಣಿನ ಪಟ್ಟಿ ನನ್ನ ಕಟ್ಟಿಗೆಯ ಆವಿಗೆಯಿಂದ ಹಾಲಿನಂತೆ ಬೆಳ್ಳಗೆ ಹೊರಬಂತು, ಆದರೆ ಉಗುರಿನಿಂದ ಗೀರಿದರೆ ಸೀಮೆಸುಣ್ಣದ ಹಾಗೆ ಪುಡಿ ಉದುರಿತು. ಭರಣಿಯ ಪ್ರಶ್ನೆಗೆ ಉತ್ತರ ಆ ಪುಡಿಯಲ್ಲೇ ಇತ್ತು. ಪಿಂಗಾಣಿ ಆಗಬೇಕಾದರೆ ಸ್ಥೂಲವಾಗಿ ಅರ್ಧದಷ್ಟು ಕಯೋಲಿನ್‌ಗೆ ಕಾಲು ಭಾಗ ಫೆಲ್ಡ್‌ಸ್ಪಾರ್, ಕಾಲು ಭಾಗ ಸ್ಫಟಿಕಶಿಲೆಯ ಪುಡಿ ಬೆರೆಸಿ 1,280ರಿಂದ 1,400 ಡಿಗ್ರಿಯವರೆಗೆ ಸುಡಬೇಕು. ಅದು ಮನೆಯಂಗಳದ ಕೆಲಸವಲ್ಲ. (ಜೈಪುರದ ನೀಲಿ ಪಾತ್ರೆಗಳನ್ನು ಪಿಂಗಾಣಿಯೆಂದು ಭಾವಿಸುವವರಿದ್ದಾರೆ. ಅವುಗಳ ಮುಖ್ಯ ವಸ್ತು ಮಣ್ಣೇ ಅಲ್ಲ. ಸ್ಫಟಿಕಶಿಲೆಯ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ.)

ಭರಣಿಯ ಮಣ್ಣು ಬೇರೆಯೇ. ಇಂಗ್ಲಿಷಿನ ಹೆಸರನ್ನೇ ಇಟ್ಟುಕೊಂಡು ಸ್ಟೋನ್‌ವೇರ್ ಮಣ್ಣು ಎನ್ನುತ್ತಾರೆ. 1,200ರಿಂದ 1,300 ಡಿಗ್ರಿಯಲ್ಲಿ ಕಣಗಳ ನಡುವಿನ ಸಂದುಗಳು ಗಾಜಿನಂತೆ ಕರಗಿ ಮುಚ್ಚಿಕೊಳ್ಳುತ್ತವೆ, ನೀರು ಕುಡಿಯುವುದು ಎರಡು ಮೂರು ಶೇಕಡಕ್ಕೆ ಇಳಿಯುತ್ತದೆ. ಉಪ್ಪು, ಹುಳಿ, ಎಣ್ಣೆ ಯಾವುದೂ ಒಳಗೆ ಇಳಿಯದು. ಸಾಮಾನ್ಯ ಮಡಕೆಯಲ್ಲಿ ಮಿಡಿ ಉಪ್ಪಿನಕಾಯಿ ಇಟ್ಟರೆ ಉಪ್ಪುನೀರು ಗೋಡೆಯೊಳಗೆ ಇಂಗಿ, ಹೊರಮೈಯಲ್ಲಿ ಹರಳುಗಟ್ಟಿ, ಪದರ ಪದರವಾಗಿ ಮಣ್ಣನ್ನು ಎಬ್ಬಿಸುತ್ತದೆ. ಅಂಗಡಿಯಲ್ಲಿ ಹೊಳಪಿನ ಪಾತ್ರೆ ಕೊಳ್ಳುವಾಗ ಹೊಳಪಿನ ಲೇಪದಲ್ಲಿ ಸೀಸ ಇಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ಹುಳಿ ಪದಾರ್ಥ ಸೀಸವನ್ನು ಕರಗಿಸಿ ಹೊಟ್ಟೆಗೆ ತಲಪಿಸುತ್ತದೆ, ಮಕ್ಕಳಿಗೆ ಅದು ಬಹಳ ಅಪಾಯಕಾರಿ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಬಾಲ್ ಕ್ಲೇ ಎಂಬುದು ಬಹುದೂರ ಹರಿದು ಬಂದ, ಅತಿ ನುಣ್ಣನೆಯ, ಆದರೆ ಕಬ್ಬಿಣ ಕಡಿಮೆಯಿರುವ ಮಣ್ಣು. ಹಸಿಯಾಗಿ ಬೂದು, ಸುಟ್ಟಾಗ ಹೆಚ್ಚುಕಡಿಮೆ ಬಿಳಿ. ಚೀಲದಲ್ಲಿ ಬರುವುದು ಹೆಚ್ಚಾಗಿ ರಾಜಸ್ಥಾನದ ಬಿಕಾನೇರ್ ಕಡೆಯದು. ವಿಪರೀತ ಕುಗ್ಗುವುದರಿಂದ ಒಂಟಿಯಾಗಿ ಬಳಸುವುದಿಲ್ಲ, ಜಿಗುಟು ಸಾಲದ ಮಣ್ಣಿಗೆ ಸೇರಿಸುತ್ತಾರೆ. ಫೈರ್ ಕ್ಲೇ ಕಲ್ಲಿದ್ದಲಿನ ಪದರಗಳ ಕೆಳಗೆ ಸಿಗುವಂಥದ್ದು, ಕುಲುಮೆ ಮತ್ತು ಗೂಡುಗಳ ಒಳಗೋಡೆಗೆ, ಬೆಂಕಿಯಿಟ್ಟಿಗೆಗೆ. ಕಛ್‌, ಬಾಡಮೇರ್ ಕಡೆಯಿಂದ ಬರುವ ಬೆಂಟೊನೈಟ್ ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ. ನೂರಕ್ಕೆ ಒಂದೆರಡು ಭಾಗ ಸಾಕು, ಅದನ್ನೂ ಒಣಪುಡಿಯಾಗಿದ್ದಾಗಲೇ ಬೆರೆಸಬೇಕು, ನೇರವಾಗಿ ನೀರಿಗೆ ಹಾಕಿದರೆ ಅಂಟಿನ ಉಂಡೆಗಳಾಗುತ್ತವೆ. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗ ಓದುಗರಿಗೆ ಇದೇ ಮಾತು ಇನ್ನೊಂದು ರೀತಿಯಲ್ಲಿ ಗೊತ್ತಿದೆ. ಅವರ ಹೊಲದ ಎರೆಮಣ್ಣಿನಲ್ಲಿಯೂ ಬೆಂಟೊನೈಟ್‌ನ ಬಳಗದ ಖನಿಜವೇ ಇದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವುದು ಅದಕ್ಕಾಗಿಯೇ. ಎರೆಮಣ್ಣಿನಿಂದಷ್ಟೇ ಮಡಕೆ ಮಾಡಲು ಹೊರಡಬೇಡಿ.

ಬೆರಕೆ ಮತ್ತು ಹದ

ಕಲಿಯುವವರು ಗದ್ದೆಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಎರಡು ದಿನ ನೆನೆಸಿ. ಒಣಗಿದ್ದು ನೀರಿಗೆ ಬಿದ್ದರೆ ತಾನಾಗಿ ಕರಗುತ್ತದೆ. ಅರೆಹಸಿ ಉಂಡೆ ವಾರವಾದರೂ ಕರಗದು. ಗಂಜಿಯಂತಾದಾಗ ಸೋಸಿ, ಹಳೆಯ ಪಂಚೆಯಲ್ಲಿ ಕಟ್ಟಿ ತೂಗಹಾಕಿ ನೀರು ಬಸಿಯಿರಿ.

ಕುಗ್ಗುವಿಕೆ ಹೆಚ್ಚಿದ್ದರೆ ಇಲ್ಲಿ ತಿದ್ದಬೇಕು. ಹತ್ತು ಪಾಲು ಮಣ್ಣಿಗೆ ಒಂದರಿಂದ ಎರಡು ಪಾಲು ನುಣ್ಣನೆಯ ಮರಳು, ಅಥವಾ ಒಡೆದ ಮಡಕೆ ಹೆಂಚುಗಳನ್ನು ಕುಟ್ಟಿ ಜರಡಿ ಹಿಡಿದ ಪುಡಿ ಸೇರಿಸಿ. ಒಮ್ಮೆ ಸುಟ್ಟ ಪುಡಿ ಮತ್ತೆ ಕುಗ್ಗುವುದಿಲ್ಲ, ತೇವ ಹೊರಹೋಗಲು ದಾರಿಯನ್ನೂ ಬಿಡುತ್ತದೆ. ಅಕ್ಕನ ಗದ್ದೆಮಣ್ಣಿಗೆ ನಾವು ಒಂದೂವರೆ ಪಾಲು ಸುರಂಗದ ಬಿಳಿ ಮಣ್ಣನ್ನೇ ಸೇರಿಸಿದೆವು. ಕುಗ್ಗುವಿಕೆ ಇಳಿಯಿತು, ಕೆಂಪು ಸ್ವಲ್ಪ ತಿಳಿಯಾಯಿತು.

ಬೆರೆಸಿದ ಮಣ್ಣನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕನಿಷ್ಠ ಎರಡು ವಾರ ಕೊಳೆಯಲು ಬಿಡಿ. ಆಮೇಲೆ ತುಳಿಯುವುದು, ನಾದುವುದು. ತಂತಿಯಿಂದ ಉಂಡೆಯನ್ನು ಸೀಳಿ ನೋಡಿ. ಸೀಳಿದ ಮುಖದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಮತ್ತೆ ನಾದಬೇಕು. ಒಣಮಣ್ಣನ್ನು ಪುಡಿಮಾಡುವಾಗ ಮೂಗಿಗೆ ಮಾಸ್ಕ್ ಇರಲಿ, ಕೆಲಸದ ಜಾಗವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ.

ಒಣಗಿಸಿ ಸುಡುವುದು

ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಪಾತ್ರೆಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗೆನಿಸಿದರೆ ಇನ್ನೂ ಕಾಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಆವಿಗೆ ಹಚ್ಚುವುದೇ ಇಲ್ಲ.

ಬೆಂಕಿಯಲ್ಲಿ ಎರಡು ಕಡೆ ಜೋಪಾನ. 100 ಡಿಗ್ರಿಯ ಹತ್ತಿರ ಉಳಿದ ತೇವ ಹಬೆಯಾಗುತ್ತದೆ; ಅವಸರಿಸಿದರೆ ಪಾತ್ರೆ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆ ತಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ಬಿಂದುವಿನಲ್ಲಿ ತಟ್ಟನೆ ಕುಗ್ಗುತ್ತದೆ. ಆದ್ದರಿಂದ ಮೊದಲ ಎರಡು ಮೂರು ಗಂಟೆ ಅಡಿಕೆ ಸಿಪ್ಪೆ, ಒಣಸೊಪ್ಪಿನ ಹೊಗೆಬೆಂಕಿ ಸಾಕು. ಆಮೇಲೆ ಮಡಲು, ಕಟ್ಟಿಗೆ. ಗೆರಟೆಯ (ತೆಂಗಿನ ಚಿಪ್ಪಿನ) ಬೆಂಕಿ ಬೇಗ ಏರುತ್ತದೆ, ಅದನ್ನು ಕೊನೆಗೆ ಹಾಕಿ. ಪಾತ್ರೆಗಳು ಮಂದಕೆಂಪಿನಿಂದ ಕಿತ್ತಳೆಗೆ ತಿರುಗಿದರೆ 900 ದಾಟಿದೆ. ಬೈಹುಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ, ಮರುದಿನ ಮಧ್ಯಾಹ್ನದವರೆಗೆ ಮುಟ್ಟಬೇಡಿ. ಬಿಸಿಯಿರುವಾಗಲೇ ಇಣುಕಿದ್ದರಿಂದ ಬಿರಿದ ಮಡಕೆಗಳು ನನ್ನಲ್ಲಿ ಕೆಲವಿವೆ.

ಯಾವುದು ಯಾವುದಕ್ಕೆ

ಒಲೆಯ ಮೇಲಿಡುವ ಮಡಕೆ, ಓಡುದೋಸೆಯ ಓಡು: ಮರಳು ಬೆರೆಸಿದ, ರಂಧ್ರ ಉಳಿದ ಕೆಂಪು ಮಣ್ಣು. ತಳ ದುಂಡಗಿರಲಿ, ಗೋಡೆ ಎಲ್ಲ ಕಡೆ ಒಂದೇ ದಪ್ಪವಿರಲಿ. ಮೂಲೆಯಿದ್ದಲ್ಲಿ ಬಿರುಕು ಹುಟ್ಟುತ್ತದೆ. ಗಟ್ಟಿಯಾಗಿದೆಯಲ್ಲ ಎಂದು ಭರಣಿಯನ್ನು ಬೆಂಕಿಗೆ ಇಡಬೇಡಿ, ಅದು ತಾಳುವುದಿಲ್ಲ.

ನೀರಿನ ಹೂಜಿ: ಇದಕ್ಕೂ ರಂಧ್ರವಿರುವ ಮಣ್ಣೇ ಬೇಕು. ಗೋಡೆಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಸೊಲ್ಲಾಪುರದ ಒಣಗಾಳಿಯಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾದರೆ ಕಾಸರಗೋಡಿನಲ್ಲಿ ಅಷ್ಟಾಗದು. ಅದು ಮಡಕೆಯ ದೋಷವಲ್ಲ, ನಮ್ಮ ಗಾಳಿಯಲ್ಲೇ ತೇವ ತುಂಬಿದೆ.

ಚೌತಿಯ ಗಣಪತಿ: ಸುಡುವುದಿಲ್ಲವಾದ್ದರಿಂದ ಜಿಗುಟಾದ, ಸೋಸಿದ ಗದ್ದೆಮಣ್ಣು ಸಾಕು; ನೀರಿನಲ್ಲಿ ಬಿಟ್ಟ ಮೇಲೆ ತಾನಾಗಿ ಕರಗುತ್ತದೆ.

ಸುರಂಗದ ಬಿಳಿ ಮಣ್ಣು: ಸೋಸಿದ ಮಣ್ಣಿಗೆ ಮೂರರಲ್ಲೊಂದು ಪಾಲು ಬಾಲ್ ಕ್ಲೇ ಬೆರೆಸಿ, ಮಜ್ಜಿಗೆಯ ಹದದ ನೀರುಮಣ್ಣು ಮಾಡಿ, ಅರೆ ಒಣಗಿದ ಕೆಂಪು ಪಾತ್ರೆಗೆ ಬಳಿಯಿರಿ. ಬರೀ ಶೇಡಿ ಬಳಿದರೆ ಸುಟ್ಟ ಮೇಲೆ ಸಿಪ್ಪೆಯಂತೆ ಏಳುತ್ತದೆ. ಅಕ್ಕ ತಮ್ಮ ಮೂರು ಮಡಕೆಗಳ ಕೊರಳಿಗೆ ಬಿಳಿಯ ಪಟ್ಟಿ ಎಳೆದು, ಅದರ ಮೇಲೆ ಕಡ್ಡಿಯಿಂದ ಭತ್ತದ ತೆನೆ ಗೀರಿದರು. ಗೀರಿದ ಗೆರೆಯಲ್ಲಿ ಒಳಗಿನ ಕೆಂಪು ಕಾಣುತ್ತದೆ. ಮಿಡಿಗೆ ಹಳೆಯ ಭರಣಿಯೇ ಮುಂದುವರಿದಿದೆ.

ಹೊಸ ಅಡುಗೆ ಮಡಕೆಯನ್ನು ಬಳಸುವ ಮೊದಲು ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಡಿ. ಮರುದಿನ ಕುಚ್ಚಲಕ್ಕಿಯ ಗಂಜಿತೆಳಿ ತುಂಬಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ಆರುವವರೆಗೆ ಹಾಗೆಯೇ ಬಿಡಿ. ತೆಳಿಯ ಪಿಷ್ಟ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ, ಜಿನುಗುವುದು ನಿಲ್ಲುತ್ತದೆ. ಹೀಗೆ ಎರಡು ಸಲ ಮಾಡಿ. ತೊಳೆಯಲು ಸೋಪು ಬೇಡ, ರಂಧ್ರಗಳು ಅದನ್ನೂ ಕುಡಿಯುತ್ತವೆ. ತೆಂಗಿನ ನಾರು, ಒಲೆಬೂದಿ ಸಾಕು.